ಅಲೆಗಳಿಗೊಬ್ಬ ನೀರುಗಂಟಿ

ನೆರೆಮನೆಯವರ ಮೇಲೆ ಮುನಿಸಿಕೊಳ್ಳುವುದಕ್ಕೆ ಮನುಷ್ಯನಿಗೆ ಕಾರಣಗಳ ಕೊರತೆ ಎಂದೂ ಇದ್ದುದಿಲ್ಲ. ಅವರ ಮಾವಿನ ಮರದ ಎಲೆ ನಮ್ಮ ಅಂಗಳದಲ್ಲಿ ಬೀಳುತ್ತದೆ. ನಾವು ಒಣಹಾಕಿದ ಬಟ್ಟೆಯ ನೀರು ಅವರ ಜಗುಲಿಯ ಮೇಲೆ ತೊಟ್ಟಿಕ್ಕುತ್ತದೆ. ಅವರ ಮಗನ ಮೃದಂಗಾಭ್ಯಾಸ ಸರಿಯಾಗಿ ನಮ್ಮ ಮಧ್ಯಾಹ್ನದ ನಿದ್ರೆಯ ಹೊತ್ತಿಗೇ ಆರಂಭವಾಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ, ಇಲ್ಲವೆ ಕಿವಿಗೆ ಕೇಳುವ ಕಾರಣಗಳು. ಕಣ್ಣಿಗೂ ಕಾಣದೆ, ಕಿವಿಗೂ ಕೇಳದೆ, ಗೋಡೆಯನ್ನು ತೂರಿಕೊಂಡು ಬಂದು ನಮ್ಮ ಮನೆಯೊಳಗಿನ ಮಾತನ್ನೇ ಕತ್ತರಿಸಿ ಹಾಕುವ ಕಾರಣವೊಂದುಂಟೆಂಬುದು ನನಗೆ ಎಪ್ಪತ್ತೆಂಟನೆಯ ವಯಸ್ಸಿನವರೆಗೆ ತಿಳಿದಿರಲಿಲ್ಲ.

ನನ್ನ ಅಣ್ಣ ನನಗಿಂತ ಐದು ವರ್ಷಕ್ಕೆ ಹಿರಿಯ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಸರಕು ಹಡಗುಗಳಲ್ಲಿ ವೈರ್‌ಲೆಸ್ ಅಧಿಕಾರಿಯಾಗಿದ್ದು, ಈಗ ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾನೆ. ಕಳೆದ ವರ್ಷ ಅವನಿಗೆ ಪಾರ್ಶ್ವವಾಯು ಬಡಿಯಿತು. ದೇವರು ದೊಡ್ಡವನು, ಮಾತು ಉಳಿಯಿತು. ಆದರೆ ಮಾತಿನ ವೇಗ ಉಳಿಯಲಿಲ್ಲ. ಒಂದು ಪದ ಆಡುತ್ತಾನೆ, ನಿಲ್ಲುತ್ತಾನೆ. ಮುಂದಿನ ಪದವನ್ನು ಎಲ್ಲಿಯೋ ಕತ್ತಲೆಯ ಕೋಣೆಯಲ್ಲಿ ತಡವರಿಸಿ ಹುಡುಕುವವನಂತೆ ಕಣ್ಣನ್ನು ಮೇಲಕ್ಕೆತ್ತುತ್ತಾನೆ. ಕೆಲವು ವೇಳೆ ಅರ್ಧ ನಿಮಿಷ ಕಳೆಯುತ್ತದೆ. ಪದವನ್ನು ನೀವು ಎತ್ತಿಕೊಡಬೇಡಿ, ನಡುವೆ ಮಾತನಾಡಬೇಡಿ, ಸುಮ್ಮನೆ ಕಾಯಿರಿ ಎಂದು ವೈದ್ಯರು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದರು.

ಪ್ರತಿ ಭಾನುವಾರ ರಾತ್ರಿ ಎಂಟೂವರೆಗೆ ನಮ್ಮ ಮಾತುಕತೆ. ಟ್ಯಾಬ್ಲೆಟ್ಟಿನ ಪರದೆಯಲ್ಲಿ ಅವನ ಮುಖ ನನಗೆ, ನನ್ನ ಮುಖ ಅವನಿಗೆ. ಬೇರೆಯವರೊಡನೆ ಮಾತನಾಡುವಾಗ ನಡುವೆ ಒಂದೆರಡು ಪದ ನುಂಗಿಹೋದರೆ 'ಏನೆಂದಿರಿ?' ಎಂದು ಕೇಳಿದರಾಯಿತು. ಅರ್ಧ ನಿಮಿಷ ಹೆಣಗಿ ಹೆಕ್ಕಿ ತಂದ ಪದವೊಂದು ದಾರಿಯಲ್ಲಿ ಕಳೆದುಹೋದರೆ, ಅದನ್ನು ಮತ್ತೊಮ್ಮೆ ಹೇಳೆಂದು ಯಾವ ಬಾಯಿಂದ ಕೇಳುವುದು? ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ, ಯಾವ ಮೌನ ಅವನದು, ಯಾವ ಮೌನ ಯಂತ್ರದ್ದು ಎಂದು ತಿಳಿಯದೆ ಹೋದದ್ದು. ಪರದೆಯ ಮೇಲೆ ಅವನ ಬಾಯಿ ಅರ್ಧ ತೆರೆದು ನಿಂತಿದೆ. ಪದ ಹುಡುಕುತ್ತಿರುವನೋ, ಚಿತ್ರವೇ ಸ್ತಬ್ಧವಾಯಿತೋ? ಹೀಗೆಯೇ ಒಂದು ಭಾನುವಾರ ನಾನು ತಾಳಲಾರದೆ 'ಹಲೋ, ಹಲೋ, ಕೇಳಿಸುತ್ತಿದೆಯೇ?' ಎಂದು ಕೂಗಿಬಿಟ್ಟೆ. ಚಿತ್ರ ಸ್ತಬ್ಧವಾಗಿರಲಿಲ್ಲ. ಅಣ್ಣ ಹುಡುಕುತ್ತಿದ್ದ. ನನ್ನ ಕೂಗಿಗೆ ಅವನ ಕೈಗೆ ಸಿಕ್ಕಿದ್ದ ಪದವೂ ಜಾರಿತು. ಬೇಡವೆಂಬಂತೆ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡ. ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನವೇ ಸಂಪರ್ಕ ಕೊಡುವ ಕಂಪೆನಿಯವರಿಗೆ ದೂರು ಕೊಟ್ಟೆ. ಅವರು ವೇಗವನ್ನು ಅಳೆದು ನೋಡಿ, ಬಾಗಿಲವರೆಗೆ ನಮ್ಮಿಂದ ಏನೂ ಕೊರತೆಯಿಲ್ಲ ಎಂದರು. ಅದು ನಿಜವೇ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ದುಡ್ಡಿನಿಂದ ಗುಣವಾಗದ ರೋಗವಿಲ್ಲವೆಂದು ನಂಬಿದ ಕಾಲದಲ್ಲಿ ಬದುಕಿದ್ದೇವಲ್ಲ! ತಿಂಗಳ ಬಾಡಿಗೆಯನ್ನು ಹೆಚ್ಚಿಸಿಕೊಂಡು ಮೂರುಪಟ್ಟು ವೇಗದ ಸಂಪರ್ಕ ಪಡೆದೆ, ಏನೂ ಬದಲಾಗಲಿಲ್ಲ. ಸಂಕೇತವನ್ನು ಹಿಡಿದು ಮುಂದಕ್ಕೆ ದಾಟಿಸುವ ಇನ್ನೊಂದು ಪುಟ್ಟ ಪೆಟ್ಟಿಗೆಯನ್ನು ಕೊಂಡುತಂದು ಒಳಗಿನ ಕೋಣೆಯಲ್ಲಿ ಸಿಕ್ಕಿಸಿದೆ, ಇದ್ದದ್ದೂ ಕೆಟ್ಟಿತು.

ನಮ್ಮದು ಬೆಂಗಳೂರಿನ ದಕ್ಷಿಣ ಭಾಗದ ಒಂದು ವಸತಿ ಕಟ್ಟಡ, ಇಪ್ಪತ್ತನಾಲ್ಕು ಮನೆಗಳು. ಮೂರನೆಯ ಮಹಡಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ; ಹುಡುಗಿಯೆಂದರೆ ನನ್ನ ಲೆಕ್ಕಕ್ಕೆ, ಅವಳಿಗೆ ಶಾಲೆಗೆ ಹೋಗುವ ಮಗುವಿದೆ. ಇಂಥ ಜಾಲಗಳ ಕೆಲಸವೇ ಅವಳ ಉದ್ಯೋಗ. ನನ್ನ ಹೆಂಡತಿಯ ಕೈಯಿಂದ ಹೆಸರುಬೇಳೆ ಪಾಯಸದ ಪಾತ್ರೆಯನ್ನು ಹಿಂದಿರುಗಿಸಲು ಬಂದವಳು ನಮ್ಮ ಗೋಡೆಯ ಗಡಿಯಾರವನ್ನು ಕಂಡು ನಿಂತುಬಿಟ್ಟಳು.

ಆ ಗಡಿಯಾರದ ಮಾತನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಣ್ಣ ಕೆಲಸ ಬಿಟ್ಟು ಬಂದಾಗ ನನಗೆ ಕೊಟ್ಟದ್ದು. ಹಡಗಿನ ರೇಡಿಯೋ ಕೋಣೆಯ ಗಡಿಯಾರದ ಮಾದರಿಯದು. ಅದರ ಮುಖದಲ್ಲಿ ಎರಡು ಕೆಂಪು ಹೋಳುಗಳಿವೆ: ಹದಿನೈದನೆಯ ನಿಮಿಷದಿಂದ ಹದಿನೆಂಟರವರೆಗೆ ಒಂದು, ನಲವತ್ತೈದರಿಂದ ನಲವತ್ತೆಂಟರವರೆಗೆ ಇನ್ನೊಂದು. ಅಲಂಕಾರಕ್ಕಲ್ಲ. ಗಂಟೆಗೆ ಎರಡು ಸಾರಿ ಈ ಮೂರು ಮೂರು ನಿಮಿಷ ಪ್ರಪಂಚದ ಯಾವ ಹಡಗೂ 500 ಕಿಲೋಹರ್ಟ್ಸ್‌ನ ಅಲೆಯ ಮೇಲೆ ಮಾತನಾಡಕೂಡದು, ಕಿವಿಗೊಟ್ಟು ಕೇಳಬೇಕು. ಎಲ್ಲಿಯಾದರೂ ಮುಳುಗುತ್ತಿರುವ ಒಂದು ಹಡಗಿನ ಕ್ಷೀಣ ಧ್ವನಿ ಇದ್ದರೆ, ಆಗ ಕೇಳಿಸಬೇಕು. 1912ರ ಏಪ್ರಿಲ್ 14ರ ರಾತ್ರಿಯ ಕಥೆಯನ್ನು ಅಣ್ಣ ಊಟದ ಹೊತ್ತಿನಲ್ಲಿ ಎಷ್ಟು ಸಾರಿ ಹೇಳಿದ್ದಾನೋ ಲೆಕ್ಕವಿಲ್ಲ. ಮಂಜುಗಡ್ಡೆಯ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನವನು ಟೈಟಾನಿಕ್‌ಗೆ ಆ ಸುದ್ದಿ ತಿಳಿಸಲು ಹೋದ. ಹಡಗು ಹತ್ತಿರದಲ್ಲಿದ್ದುದರಿಂದ ಅವನ ಸಂಕೇತ ಸಿಡಿಲಿನಂತೆ ಬಡಿದು, ದೂರದ ಕೇಪ್ ರೇಸ್ ನಿಲ್ದಾಣದೊಡನೆ ಟೈಟಾನಿಕ್ ನಡೆಸಿದ್ದ ವ್ಯವಹಾರವನ್ನು ಮುಳುಗಿಸಿತು. ಸುಮ್ಮನಿರೆಂದು ಗದರಿಸಿಕೊಂಡ ಅವನು, ಕೊಂಚ ಹೊತ್ತಿನ ಮೇಲೆ ಯಂತ್ರವನ್ನು ನಿಲ್ಲಿಸಿ ಮಲಗಿಕೊಂಡ. ಟೈಟಾನಿಕ್ ನೀರ್ಗಲ್ಲಿಗೆ ಬಡಿಯುವ ಹೊತ್ತಿಗೆ ಹತ್ತಿರದ ಆ ಹಡಗಿನಲ್ಲಿ ಕೇಳುವ ಕಿವಿಯಿರಲಿಲ್ಲ. ಆ ದುರಂತದ ತರುವಾಯದ ವರ್ಷಗಳಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಕಟ್ಟಳೆಗಳಲ್ಲಿ ಮೌನದ ಈ ಕಟ್ಟಳೆಯೂ ಒಂದು. 1999ರ ಫೆಬ್ರವರಿ 1ರಂದು ಉಪಗ್ರಹಗಳ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ಅಣ್ಣನ ವಿದ್ಯೆಯೂ ಅವನೊಡನೆಯೇ ನಿವೃತ್ತವಾಯಿತು.

ಹುಡುಗಿ ಎಲ್ಲವನ್ನೂ ಕೇಳಿಕೊಂಡು, 'ತಾತ, ನಮ್ಮ ಕಟ್ಟಡಕ್ಕೂ ಇಂಥ ಒಂದು ಗಡಿಯಾರ ಬೇಕಾಗಿದೆ' ಎಂದಳು. ಏಕೆಂದು ಕೇಳಿದೆ. ತನ್ನ ಫೋನನ್ನು ತೆರೆದು ತೋರಿಸಿದಳು. ನಮ್ಮ ಹಜಾರದಲ್ಲಿ ನಿಂತಲ್ಲಿಯೇ ನಲವತ್ತೊಂದು ವೈ-ಫೈ ಪೆಟ್ಟಿಗೆಗಳ ಹೆಸರು ಬಂದವು! ಒಬ್ಬರು ಕುಲದೇವತೆಯ ಹೆಸರಿಟ್ಟಿದ್ದರು, ಇನ್ನೊಬ್ಬರು ಪೋಲೀಸ್ ವ್ಯಾನಿನ ಹೆಸರಿಟ್ಟು ಕಳ್ಳರನ್ನು ಹೆದರಿಸಿದ್ದರು. ಪ್ರತಿಯೊಂದಕ್ಕೂ ಒಂದೊಂದು ಗುಡ್ಡದ ಆಕಾರ. ಗುಡ್ಡದ ಮೇಲೆ ಗುಡ್ಡ ಬಿದ್ದು ಪರದೆಯೆಲ್ಲ ಒಂದು ಬೆಟ್ಟದ ಸಾಲಾಗಿತ್ತು. ಈ ಪೆಟ್ಟಿಗೆಗಳು ತಾವು ಇದ್ದೇವೆಂದು ಸೆಕೆಂಡಿಗೆ ಹತ್ತು ಸಾರಿಯಂತೆ ತಮ್ಮ ಹೆಸರನ್ನು ಕೂಗಿಕೊಳ್ಳುತ್ತವೆಯಂತೆ. ಅದನ್ನೂ ಅತ್ಯಂತ ನಿಧಾನದ ವೇಗದಲ್ಲಿ, ದೂರದವರಿಗೂ ತಿಳಿಯಲೆಂದು. ಯಾರೂ ಏನನ್ನೂ ನೋಡದ, ಯಾರೊಡನೆಯೂ ಮಾತನಾಡದ ಹೊತ್ತಿನಲ್ಲಿಯೂ ನಮ್ಮ ಕಟ್ಟಡದ ಆಕಾಶದಲ್ಲಿ ಸೆಕೆಂಡಿಗೆ ನಾನೂರು ಕೂಗು!

ನನಗೆ ಆಗ ಮೈಸೂರು ನೆನಪಾಯಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವಾಟಿನ ಒಂದು ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂದದ್ದು. ಅಂದಿನ ಮೈಸೂರಿನ ಆಕಾಶದಲ್ಲಿ ಇದ್ದುದು ಆ ಒಂದು ವಾಣಿ. ಅದನ್ನು ಹಿಡಿಯುವುದಕ್ಕೆ ನೆರೆಹೊರೆಯವರೆಲ್ಲ ಒಂದು ರೇಡಿಯೋದ ಮುಂದೆ ಸೇರುತ್ತಿದ್ದರೆಂದು ನಮ್ಮ ಸೋದರಮಾವ ಹೇಳುತ್ತಿದ್ದರು. ನಮ್ಮ ತಂದೆಯವರ ಕಾಲಕ್ಕೆ ರೇಡಿಯೋ ಕೇಳುವುದಕ್ಕೂ ಅಂಚೆ ಕಛೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದಿತು. ಈಗ ಕೇಳುವುದಿರಲಿ, ಪ್ರತಿ ಮನೆಯವರೂ ಪ್ರಸಾರವನ್ನೇ ನಡೆಸುತ್ತಿದ್ದೇವೆ, ಯಾರ ಅಪ್ಪಣೆಯೂ ಇಲ್ಲದೆ. 1985ರಲ್ಲಿ ಅಮೆರಿಕದವರು ಕೆಲವು ಅಲೆಗಳ ಹರವನ್ನು ಹೀಗೆ ಗೋಮಾಳದಂತೆ ಬಿಟ್ಟುಕೊಟ್ಟರು. ನಮ್ಮ ಸರ್ಕಾರ 2005ರ ಜನವರಿಯಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಹರವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು. ಗೋಮಾಳವೆಂದ ಮೇಲೆ ಕೇಳಬೇಕೆ? ಅನ್ನ ಬಿಸಿ ಮಾಡುವ ಮೈಕ್ರೋವೇವ್ ಒಲೆ ಕೂಡ ಅಲ್ಲಿಯೇ ಮೇಯುತ್ತದೆ. ಕೆಳಗಿನ ಮನೆಯವರು ಎಂಟೂವರೆಗೆ ಸಾರು ಬಿಸಿ ಮಾಡಿದರೆ ಅದರ ಕಾವು ನಮ್ಮ ಮಾತಿಗೂ ತಾಕುತ್ತಿದ್ದಿತು.

ಇಷ್ಟು ಮಂದಿ ಒಂದೇ ಕಡೆ ಕೂಗಿಕೊಂಡರೂ ಏನಾದರೂ ಕೇಳಿಸುವುದಾದರೂ ಹೇಗೆ? ಇದನ್ನು ಆ ಹುಡುಗಿ ನನಗೆ ಮೂರು ಸಂಜೆ ಕುಳಿತು ಹೇಳಿಕೊಟ್ಟಳು. ಅರ್ಥವಾದಷ್ಟನ್ನು ಹೇಳುತ್ತೇನೆ.

1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಎಂಬವರು ದ್ವೀಪದಿಂದ ದ್ವೀಪಕ್ಕೆ ಗಣಕಯಂತ್ರದ ಮಾತನ್ನು ರೇಡಿಯೋ ಅಲೆಯ ಮೇಲೆ ಕಳಿಸುವ ಏರ್ಪಾಡು ಮಾಡಿದರು. ಅದರ ಹೆಸರು ಅಲೋಹಾ. ನಿಯಮ ಬಹು ಸರಳ: ಹೇಳಬೇಕೆನಿಸಿದಾಗ ಹೇಳಿಬಿಡು, ಇನ್ನೊಬ್ಬನ ಮಾತಿಗೆ ಡಿಕ್ಕಿ ಹೊಡೆದು ಎರಡೂ ಕೆಟ್ಟರೆ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳು. ಈ ಕ್ರಮದಲ್ಲಿ ಹೆಚ್ಚೆಂದರೆ ನೂರಕ್ಕೆ ಹದಿನೆಂಟು ಭಾಗದಷ್ಟು ಕಾಲ ಮಾತ್ರ ಪ್ರಯೋಜನಕ್ಕೆ ಬರುತ್ತದೆಂದು ಲೆಕ್ಕ ಹೇಳುತ್ತದೆ. ನಮ್ಮ ಮದುವೆಮನೆಗಳ ಸಂಭಾಷಣೆಗೆ ಹೋಲಿಸಿದರೆ ಅದೇನೂ ಕಡಮೆಯಲ್ಲ.

1997ರಲ್ಲಿ ಬಂದ ವೈ-ಫೈ ನಿಯಮ ಇದಕ್ಕಿಂತ ಸಭ್ಯ. ಮಾತನಾಡುವ ಮೊದಲು ಕಿವಿಗೊಡಬೇಕು. ಯಾರಾದರೂ ಮಾತನಾಡುತ್ತಿದ್ದರೆ ಸುಮ್ಮನಿರಬೇಕು. ಅವರು ಮುಗಿಸಿದೊಡನೆ ಬಾಯಿ ತೆರೆಯಕೂಡದು. ಹಾಗೆಯೇ ಕಾದಿದ್ದ ಇನ್ನೂ ನಾಲ್ವರು ಅದೇ ಗಳಿಗೆಯಲ್ಲಿ ಬಾಯಿ ತೆರೆದಾರು. ಆದ್ದರಿಂದ ಪ್ರತಿಯೊಂದು ಪೆಟ್ಟಿಗೆಯೂ ಸೊನ್ನೆಯಿಂದ ಹದಿನೈದರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಎತ್ತಿಕೊಂಡು, ಹಿಮ್ಮುಖವಾಗಿ ಎಣಿಸಬೇಕು. ಒಂದೊಂದು ಎಣಿಕೆಗೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಒಂಬತ್ತು ಪಾಲು. ಮೊದಲು ಸೊನ್ನೆ ಮುಟ್ಟಿದವನು ಮಾತನಾಡುತ್ತಾನೆ. ಇಬ್ಬರು ಒಟ್ಟಿಗೆ ಮುಟ್ಟಿ ಡಿಕ್ಕಿಯಾದರೆ ಮುಂದಿನ ಸಲ ಮೂವತ್ತೊಂದರೊಳಗೆ, ಆಮೇಲೆ ಅರವತ್ತಮೂರರೊಳಗೆ, ಹೀಗೆ ಸಾವಿರದ ಇಪ್ಪತ್ತಮೂರರವರೆಗೆ ಚೀಟಿಗಳು ಹೆಚ್ಚುತ್ತ ಹೋಗುತ್ತವೆ. ನಾಲ್ಕು ಮಂದಿಯಲ್ಲಿ ಈ ಸಭ್ಯತೆ ಬಹು ಚೆನ್ನಾಗಿ ನಡೆಯುತ್ತದೆ. ನಲವತ್ತು ಮಂದಿಯಲ್ಲಿ ಕಾಯುವುದೇ ಕೆಲಸವಾಗುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ವಿಚಿತ್ರವಾಗಿ ಕಂಡಿತು. ಈ ಸರದಿ ಮಾತುಗಳನ್ನು ಎಣಿಸುತ್ತದೆ, ಮಾತಿಗೆ ಹಿಡಿಯುವ ಹೊತ್ತನ್ನು ಎಣಿಸುವುದಿಲ್ಲ. ಹತ್ತಿರ ಕುಳಿತ ಹೊಸ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಹೇಳಿ ಮುಗಿಸುವ ಮಾತನ್ನು, ಎರಡು ಗೋಡೆಯಾಚೆಯ ಹಳೆಯ ಯಂತ್ರ ಎಳೆದೆಳೆದು ಹತ್ತುಪಟ್ಟು ಹೊತ್ತು ಹೇಳುತ್ತದೆ. ಸರದಿ ಇಬ್ಬರಿಗೂ ಸಮ. ಹೊತ್ತು ಮಾತ್ರ ಒಬ್ಬನೇ ನುಂಗುತ್ತಾನೆ. ಒಬ್ಬ ನಿಧಾನಸ್ಥನಿಂದಾಗಿ ಎಲ್ಲರೂ ನಿಧಾನಸ್ಥರಾಗುತ್ತಾರೆ. ಇದನ್ನು ಸರಿಪಡಿಸಲು ಹೊಸ ಪೆಟ್ಟಿಗೆಗಳಲ್ಲಿ ಮಾತಿನ ಸಂಖ್ಯೆಯ ಬದಲು ಹೊತ್ತನ್ನೇ ಹಂಚುವ ಉಪಾಯ ಮಾಡಿರುವರಂತೆ. ಲೆಕ್ಕದ ದೃಷ್ಟಿಯಿಂದ ಅದು ನ್ಯಾಯ. ಅಣ್ಣನನ್ನು ನೆನೆದು ನನಗೇನೋ ಆ ನ್ಯಾಯ ಅಷ್ಟಾಗಿ ಹಿಡಿಸಲಿಲ್ಲ. ಹುಡುಗಿಗೆ ಹಾಗೆಂದು ಹೇಳಲಿಲ್ಲ.

ಇದನ್ನೆಲ್ಲ ಕೇಳುತ್ತ ನಾನು ಯೋಚಿಸುತ್ತಿದ್ದುದು ಊರಿನ ಕೆರೆಯನ್ನು. ನಮ್ಮದು ಕೋಲಾರದ ಕಡೆಯ ಹಳ್ಳಿ. ಕೆರೆಯ ತೂಬು ತೆಗೆಯುವ ಅಧಿಕಾರ ಊರಿನಲ್ಲಿ ಇದ್ದುದು ಒಬ್ಬನಿಗೇ, ನೀರುಗಂಟಿಗೆ. ಅವನಿಗೆ ಸ್ವಂತ ಹೊಲ ಎಷ್ಟಿತ್ತೋ ಕಾಣೆ. ಆದರೆ ಪಟೇಲರ ಗದ್ದೆಗೂ ಅವನು ಹೇಳಿದ ಹೊತ್ತಿಗೇ ನೀರು. ಹಗಲು ನೆರಳು ನೋಡಿ, ರಾತ್ರಿ ಚುಕ್ಕಿ ನೋಡಿ ಸರದಿ ಅಳೆಯುತ್ತಿದ್ದ. ನಮ್ಮ ಸರದಿ ನಡುರಾತ್ರಿಗೆ ಬಿದ್ದರೆ ಅಪ್ಪನೊಡನೆ ಅಣ್ಣನೂ ನಾನೂ ಲಾಟೀನು ಹಿಡಿದು ಬದುವಿನ ಮೇಲೆ ಕುಳಿತಿರುತ್ತಿದ್ದೆವು. ಕಾಲುವೆಯ ತಲೆಯ ಕಡೆ ಗದ್ದೆಯಿರುವವನು ಮಡೆಯನ್ನು ಸ್ವಲ್ಪ ಅಗಲ ಮಾಡಿಕೊಂಡರೆ ಕೊನೆಯ ಗದ್ದೆಗೆ ನೀರು ಬಾರದೆಂಬುದು ಆ ವಯಸ್ಸಿಗೇ ನಮಗೆ ಗೊತ್ತಿತ್ತು. ನಮ್ಮ ಗದ್ದೆಯಿದ್ದುದು ಕೊನೆಯಲ್ಲಿ. ಮಳೆ ಕಡಮೆಯಾದ ವರ್ಷ ನೀರುಗಂಟಿ ಎಲ್ಲರ ಹೊತ್ತನ್ನೂ ಕಡಿತ ಮಾಡುತ್ತಿದ್ದನೇ ಹೊರತು ಕೊನೆಯವರನ್ನು ಕೈಬಿಡುತ್ತಿರಲಿಲ್ಲ.

ನಮ್ಮ ಕಟ್ಟಡದ ಆಕಾಶಕ್ಕೆ ನೀರುಗಂಟಿಯಿರಲಿಲ್ಲ. ದೊಡ್ಡ ಕಛೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಇರುತ್ತಾನಂತೆ: ನೂರಾರು ಪೆಟ್ಟಿಗೆಗಳನ್ನು ಒಂದೇ ಯಂತ್ರ ಆಳುತ್ತ, ನೀನು ಈ ದಾರಿಯಲ್ಲಿ ಮಾತನಾಡು, ನೀನು ಧ್ವನಿ ತಗ್ಗಿಸು ಎಂದು ಗೊತ್ತುಮಾಡುತ್ತದೆ. ಮುಂದಿನ ಪೀಳಿಗೆಯ ವೈ-ಫೈಗಾಗಿ ಸಿದ್ಧವಾಗುತ್ತಿರುವ ನಿಯಮಗಳಲ್ಲಿ ಪೆಟ್ಟಿಗೆಗಳೇ ತಮ್ಮ ತಮ್ಮೊಳಗೆ ಮಾತಾಡಿಕೊಂಡು, ತನಗೆ ದೊರೆತ ಹೊತ್ತಿನಲ್ಲಿ ಒಂದು ಪಾಲನ್ನು ನೆರೆಯ ಪೆಟ್ಟಿಗೆಗೆ ಬಿಟ್ಟುಕೊಡುವ ಏರ್ಪಾಡೂ ಇದೆಯೆಂದಳು ಹುಡುಗಿ. ಒಬ್ಬನೇ ಯಜಮಾನನ ಪೆಟ್ಟಿಗೆಗಳಾದರೆ ಇದು ನಡೆದೀತು. ಇಪ್ಪತ್ತನಾಲ್ಕು ಯಜಮಾನರ, ಅಂದರೆ ಇಪ್ಪತ್ತನಾಲ್ಕು ಯಜಮಾನಿಯರ, ಪೆಟ್ಟಿಗೆಗಳು ಒಂದರ ಮಾತನ್ನೊಂದು ಕೇಳಿಯಾವೆ? ಅದಕ್ಕೆ ಮೊದಲು ನಾವು ಮಾತನಾಡಿಕೊಳ್ಳಬೇಕೆಂದು ತೀರ್ಮಾನವಾಯಿತು.

ಒಂದು ಶನಿವಾರ ಸಂಜೆ ತಾರಸಿಯ ಮೇಲೆ ಸಭೆ. ಹದಿನೇಳು ಮನೆಯವರು ಬಂದರು. ಚಹಾ ಉಂಟೆಂದು ಹೇಳಿದ್ದೆವು. ಹುಡುಗಿ ಒಂದು ನಕ್ಷೆ ತಂದಿದ್ದಳು. ಗೋಮಾಳದ ಆ ಹಳೆಯ ಹರವಿನಲ್ಲಿ ನಮ್ಮ ದೇಶದಲ್ಲಿ ಹದಿಮೂರು ಚಾನೆಲ್‌ಗಳೆಂದು ಸಂಖ್ಯೆ ಕೊಟ್ಟಿದ್ದರೂ, ಅವು ಐದೈದು ಮೆಗಾಹರ್ಟ್ಸ್ ದೂರದಲ್ಲಿರುವುದರಿಂದಲೂ ಒಂದೊಂದು ಮಾತಿಗೆ ಇಪ್ಪತ್ತರಷ್ಟು ಅಗಲ ಬೇಕಾಗಿರುವುದರಿಂದಲೂ, ಒಂದಕ್ಕೊಂದು ತಾಕದಂತೆ ಹಂಚಿಕೊಳ್ಳುವುದಾದರೆ ಸಿಗುವುದು ಮೂರೇ: ಒಂದು, ಆರು, ಹನ್ನೊಂದು. ಈ ಮೂರನ್ನು ಅಕ್ಕಪಕ್ಕದ ಮನೆಗೂ ಮೇಲೆ ಕೆಳಗಿನ ಮನೆಗೂ ಒಂದೇ ಬಾರದಂತೆ, ರಂಗೋಲಿಯ ಚುಕ್ಕಿಗಳಿಗೆ ಬಣ್ಣ ತುಂಬಿದ ಹಾಗೆ, ಹಂಚಿದ್ದಳು. ಆದಷ್ಟು ಯಂತ್ರಗಳನ್ನು 5 ಗಿಗಾಹರ್ಟ್ಸ್‌ನ ಹರವಿಗೆ ಕಳಿಸಬೇಕು. ಅಲ್ಲಿ ದಾರಿಗಳು ಹೆಚ್ಚು, ಜೊತೆಗೆ ಆ ಅಲೆ ಗೋಡೆಯನ್ನು ಸರಿಯಾಗಿ ದಾಟಲಾರದು. ದಾಟಲಾರದೆಂಬುದು ಒಂಟಿ ಮನೆಯಲ್ಲಿ ದೋಷ, ವಠಾರದಲ್ಲಿ ಅದೇ ಗುಣ. ಕದಲದ ಯಂತ್ರಗಳಿಗೆ, ಅಂದರೆ ಟೆಲಿವಿಷನ್ನಿಗೆ, ಮೇಜಿನ ಗಣಕಕ್ಕೆ, ತಂತಿ ಎಳೆಯಬೇಕು. ಪೆಟ್ಟಿಗೆಯ ಶಕ್ತಿಯನ್ನು ತಗ್ಗಿಸಬೇಕು. ಖಾಲಿ ದಾರಿ ಹುಡುಕಿಕೊಳ್ಳುವ ಸ್ವಾತಂತ್ರ್ಯವನ್ನು ಪೆಟ್ಟಿಗೆಗಳಿಂದ ಕಿತ್ತುಕೊಳ್ಳಬೇಕು. ಓಣಿಯಲ್ಲಿ ಎದುರುಬದುರಾದ ಇಬ್ಬರು ಸಂಭಾವಿತರು ಪರಸ್ಪರ ದಾರಿ ಬಿಡಲು ಹೋಗಿ ಒಂದೇ ಕಡೆಗೆ ಸರಿಯುವಂತೆ, ಇವು ಒಟ್ಟಾಗಿ ಹಾರಿ ಒಂದೇ ದಾರಿಯಲ್ಲಿ ಬೀಳುತ್ತವೆ.

ಶಕ್ತಿ ತಗ್ಗಿಸುವ ಮಾತು ಬಂದಾಗ ಸಭೆ ಗದ್ದಲವಾಯಿತು. ಎರಡನೆಯ ಮಹಡಿಯ ನಿವೃತ್ತ ಅಧಿಕಾರಿಗಳೊಬ್ಬರು ಎದ್ದುನಿಂತರು. ಅವರದು ಆರು ಕೋಡುಗಳ ಪೆಟ್ಟಿಗೆ. ನೋಡಿದರೆ ಮಗುಚಿ ಬಿದ್ದ ಜೇಡದಂತಿದೆ. 'ನನ್ನ ಮನೆ, ನನ್ನ ದುಡ್ಡು, ನನ್ನ ಪೆಟ್ಟಿಗೆ. ನಾನೇಕೆ ಧ್ವನಿ ತಗ್ಗಿಸಬೇಕು?' ಹುಡುಗಿ ಸಮಾಧಾನದಿಂದ, ಪೆಟ್ಟಿಗೆ ಎಷ್ಟು ಕೂಗಿದರೂ ಕೈಯಲ್ಲಿನ ಫೋನು ಅಷ್ಟು ಕೂಗಲಾರದು, ನಿಮ್ಮ ಕೂಗು ನಾಲ್ಕು ಮನೆಯವರನ್ನು ಸುಮ್ಮನಾಗಿಸುತ್ತದೆಯೇ ಹೊರತು ನಿಮಗೆ ಹೆಚ್ಚೇನೂ ತಂದುಕೊಡುವುದಿಲ್ಲ ಎಂದಳು. ಅವರು ಒಪ್ಪಲಿಲ್ಲ. ಇಂದಿಗೂ ಒಪ್ಪಿಲ್ಲ. ಅವರ ಪೆಟ್ಟಿಗೆ ಆಗಲೇ ಹನ್ನೊಂದನೆಯ ದಾರಿಯಲ್ಲಿದ್ದುದರಿಂದ ನಕ್ಷೆಯನ್ನು ಅವರ ಸುತ್ತಲೂ ತಿರುಗಿಸಿ ಬರೆದಳು. ಬಾವಿ ಅಡ್ಡ ಬಂದರೆ ದಾರಿಯನ್ನೇ ಸುತ್ತಿಸುವುದಿಲ್ಲವೆ, ಹಾಗೆ.

ನಾನು ಅವರನ್ನು ನೋಡಿ ಮನಸ್ಸಿನಲ್ಲಿ ಬಹಳವಾಗಿ ಬೈದುಕೊಂಡೆ. ಅಣ್ಣನ ಮಾತು ಕತ್ತರಿಸುತ್ತಿರುವವರು ಇವರೇ ಎಂದು ನನಗೆ ಖಂಡಿತವಾಗಿತ್ತು. ಸಭೆ ಮುಗಿದು ಕೆಳಗೆ ಇಳಿಯುವಾಗ ಹುಡುಗಿ, 'ತಾತ, ನಿಮ್ಮ ಮನೆಯದನ್ನೂ ಒಮ್ಮೆ ನೋಡಿಬಿಡೋಣ' ಎಂದಳು.

ನಮ್ಮದು ಮೂರನೆಯ ಚಾನೆಲ್ಲಿನಲ್ಲಿತ್ತು. ನಾನೇ ಹೇಳಿ ಇರಿಸಿದ್ದು! ಪೆಟ್ಟಿಗೆ ಜೋಡಿಸಲು ಬಂದವನಿಗೆ, ಯಾರೂ ಇಲ್ಲದ ಜಾಗ ನೋಡಪ್ಪಾ ಎಂದಿದ್ದೆ. ಮೂರರಲ್ಲಿ ಯಾರೂ ಇರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಈಗ ತಿಳಿದದ್ದೆಂದರೆ: ಒಂದೇ ದಾರಿಯಲ್ಲಿರುವ ಎರಡು ಪೆಟ್ಟಿಗೆಗಳು ಒಂದರ ಮಾತನ್ನೊಂದು ಗುರುತಿಸಿ, ಸರದಿಯಂತೆ ಸುಮ್ಮನಾಗುತ್ತವೆ. ಒಂದಕ್ಕೂ ಆರಕ್ಕೂ ನಡುವೆ ಕಾಲು ಚಾಚಿಕೊಂಡು ಕುಳಿತವನ ಮಾತು ಎರಡೂ ಕಡೆಯವರಿಗೆ ಮಾತಾಗಿ ಕೇಳಿಸದು, ಬರೀ ಗೊರಗೊರ ಸದ್ದಾಗಿ ಕೇಳಿಸುತ್ತದೆ. ಅವರು ನನಗೆ ದಾರಿ ಬಿಡುವುದಿಲ್ಲ, ನಾನು ಅವರಿಗೆ ಬಿಡುವುದಿಲ್ಲ. ಇಬ್ಬರ ಮಾತೂ ಕೆಡುತ್ತದೆ, ಇಬ್ಬರೂ ಮತ್ತೆ ಮತ್ತೆ ಹೇಳುತ್ತೇವೆ. ಎರಡು ಸಾಲುಗಳ ನಡುವೆ ನಿಂತು ಎರಡೂ ಕಿಟಕಿಗೆ ಕೈ ಚಾಚುವವನನ್ನು ರೈಲು ನಿಲ್ದಾಣದಲ್ಲಿ ಕಂಡಿದ್ದೇನೆ. ಅವನು ನಾನೇ ಎಂದುಕೊಂಡಿರಲಿಲ್ಲ.

ಅಷ್ಟೇ ಅಲ್ಲ. ಒಳಗಿನ ಕೋಣೆಯಲ್ಲಿ ನಾನು ಸಿಕ್ಕಿಸಿದ್ದ ಪುಟ್ಟ ಪೆಟ್ಟಿಗೆ ಬಂದ ಪ್ರತಿಯೊಂದು ಮಾತನ್ನೂ ಅದೇ ದಾರಿಯಲ್ಲಿ ಮತ್ತೊಮ್ಮೆ ಹೇಳುತ್ತಿತ್ತು. ನಮ್ಮ ಮನೆಯ ಒಂದು ಮಾತು ಆಕಾಶದಲ್ಲಿ ಎರಡು ಮಾತಿನ ಹೊತ್ತು ತಿನ್ನುತ್ತಿತ್ತು. ಅದೂ ಎರಡು ಗೋಡೆಯಾಚೆ ಕುಳಿತು, ನಿಧಾನದ ವೇಗದಲ್ಲಿ. ಕಾಲುವೆಯ ಮಡೆಯನ್ನು ಅಗಲ ಮಾಡಿಕೊಂಡವನನ್ನು ಎರಡನೆಯ ಮಹಡಿಯಲ್ಲಿ ಹುಡುಕುತ್ತಿದ್ದೆ. ಗುದ್ದಲಿ ನನ್ನ ಕೈಯಲ್ಲಿಯೇ ಇತ್ತು. ನನ್ನ ಎಡಗಡೆಯ ಮನೆಯ ಹುಡುಗನಿಗೆ ಆನ್‌ಲೈನ್ ಪಾಠಗಳೆಲ್ಲ ತುಂಡುತುಂಡಾಗಿ ಬರುತ್ತಿದ್ದುದಕ್ಕೂ ಕಾರಣ ಅದೇ ಇರಬೇಕು. ಅವನ ತಾಯಿ ಒಂದು ದಿನವೂ ನನ್ನನ್ನು ಕೇಳಿರಲಿಲ್ಲ. ಪಾಪ, ಆಕೆಯೂ ಕಂಪೆನಿಯವರನ್ನೇ ಬೈಯುತ್ತಿದ್ದಳು.

ಪುಟ್ಟ ಪೆಟ್ಟಿಗೆಯನ್ನು ಕಿತ್ತೆವು. ದೊಡ್ಡದನ್ನು ಬಾಗಿಲ ಬಳಿಯ ಮೂಲೆಯಿಂದ ಹಜಾರದ ನಡುವಿಗೆ ತಂದು ಆರನೆಯ ದಾರಿಗೆ ಹಚ್ಚಿದೆವು. ಟೆಲಿವಿಷನ್ನಿಗೆ ತಂತಿ ಎಳೆದೆವು. ಅಣ್ಣನೊಡನೆ ಮಾತನಾಡುವ ಟ್ಯಾಬ್ಲೆಟ್ಟನ್ನೂ ತಂತಿಗೆ ಕಟ್ಟಿಹಾಕೋಣವೆಂದೆ. ನನ್ನ ಹೆಂಡತಿ ಒಪ್ಪಲಿಲ್ಲ. ಮಾತು ಮುಗಿಯುವ ಮೊದಲು ಅವಳು ಅದನ್ನು ಎತ್ತಿಕೊಂಡು ಹೋಗಿ ಬಾಲ್ಕನಿಯ ತುಳಸಿಯನ್ನೂ ದುಂಡುಮಲ್ಲಿಗೆಯನ್ನೂ ಭಾವನಿಗೆ ತೋರಿಸುವ ಪದ್ಧತಿಯಿದೆ. ಅದು 5 ಗಿಗಾಹರ್ಟ್ಸ್‌ಗೆ ಹೋಯಿತು. ಬಾಲ್ಕನಿಯವರೆಗೆ ತಲುಪೀತೆ ಎಂಬ ಭಯವಿತ್ತು. ಬಾಗಿಲು ತೆರೆದಿದ್ದರೆ ತಲುಪುತ್ತದೆ.

ಕಟ್ಟಡದ ಕೆಲಸ ಮುಗಿಯಲು ಮೂರು ವಾರ ಹಿಡಿಯಿತು. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಮನೆ. ಎದುರುಕಟ್ಟಡದವರು ಇನ್ನೂ ಕೂಗುತ್ತಲೇ ಇದ್ದಾರೆ. ಹುಡುಗಿ ಅವರ ಸಂಘದ ಕಾರ್ಯದರ್ಶಿಗೆ ಪತ್ರ ಬರೆದಿದ್ದಾಳೆ. ಆರು ಕೋಡಿನವರು ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿ, ಈಚೆಗೆ ತಮ್ಮ ಸಂಪರ್ಕ ಬಹಳ ಸುಧಾರಿಸಿದೆಯೆಂದೂ, ಒಳ್ಳೆಯ ಪೆಟ್ಟಿಗೆ ಕೊಳ್ಳುವುದರ ಪ್ರಯೋಜನವೇ ಅದೆಂದೂ ನನಗೆ ಬುದ್ಧಿ ಹೇಳಿದರು. ಹೌದೆಂದೆ.

ಕಳೆದ ಭಾನುವಾರ ಎಂಟೂವರೆಗೆ ಅಣ್ಣನ ಮುಖ ಪರದೆಯ ಮೇಲೆ ಬಂತು. ಅತ್ತಿಗೆಯ ಯೋಗಕ್ಷೇಮ, ಔಷಧ, ಚಳಿ ಎಲ್ಲ ಆಯಿತು. ಆಮೇಲೆ ಅವನು ಏನನ್ನೋ ಹೇಳಲು ಹೊರಟು ನಿಂತ. ಬಾಯಿ ಅರ್ಧ ತೆರೆದಿತ್ತು. ನಾನು ಎಂದಿನಂತೆ ಗಾಬರಿಯಿಂದ ಪರದೆಯನ್ನು ದಿಟ್ಟಿಸಿದೆ. ಅವನ ಹಿಂದೆ ಕಿಟಕಿಯ ಪರದೆ ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು. ಎಡಗೈ ಬೆರಳು ಮೇಜಿನ ಮೇಲೆ ಒಂದೆರಡು ಸಾರಿ ತಟ್ಟಿತು, ಆ ಸದ್ದೂ ನನಗೆ ಕೇಳಿಸಿತು. ಹಾಗಾದರೆ ಈ ಮೌನ ಅವನದೇ. ನಾನು ಕುರ್ಚಿಗೆ ಒರಗಿ ಕುಳಿತೆ. ಗೋಡೆಯ ಗಡಿಯಾರದ ಮುಳ್ಳು ಕೆಂಪು ಹೋಳನ್ನು ದಾಟಿ ಎಷ್ಟೋ ಹೊತ್ತಾಗಿತ್ತು.

'ಕೆರೆ...' ಎಂದ. ಮತ್ತೆ ಹುಡುಕಿದ. ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತವಳು ಹಾಗೆಯೇ ನಿಂತಳು.

'ಕೆರೆ... ತುಂಬಿತೇ?'

'ಕೋಡಿ ಬಿದ್ದಿದೆಯಂತೆ, ಅಣ್ಣಾ' ಎಂದೆ. 'ಹೋದ ವಾರ ಊರಿನಿಂದ ಫೋನು ಬಂದಿತ್ತು.'